ಅಮ್ಮನಿಗೆ "ನ್ಯಾನೋ ಅರಿಶಿನ" ಡ್ರಾಪ್ಸ್ ತಂದುಕೊಟ್ಟಿದಾರೆ, ಕೊಡಬಹುದಾ?

ಸುಮಾ_ತೀರ್ಥಹಳ್ಳಿ
ಎಲ್ರಿಗೂ ನಮಸ್ಕಾರ. ಇಲ್ಲಿ ಫುಡ್ ಟೆಕ್ನಾಲಜಿ ಓದಿದವ್ರು ಇದಾರೆ ಅಂತ ಗೊತ್ತು, ಅದಕ್ಕೇ ಕೇಳ್ತಿದೀನಿ. ಅಮ್ಮನಿಗೆ 67, ಮಂಡಿನೋವು ತುಂಬಾ ದಿನದಿಂದ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ರು, ರಕ್ತ ತೆಳು ಮಾಡೋ ಮಾತ್ರೆ ದಿನಾ ತಗೋತಾರೆ. ಹೋದ ವಾರ ದೂರದ ಸಂಬಂಧಿ ಒಬ್ರು ಮನೆಗೆ ಬಂದು ಒಂದು ಸಣ್ಣ ಬಾಟ್ಲಿ ಕೊಟ್ಟು ಹೋದ್ರು, 30 ಎಂಎಲ್, 1,850 ರೂಪಾಯಿ, ಮೇಲೆ "ನ್ಯಾನೋ ಕರ್ಕ್ಯುಮಿನ್" ಅಂತಿದೆ. ನೀರಿಗೆ ಹಾಕಿದ್ರೆ ಅರಿಶಿನ ಪುಡಿ ಥರ ತಳಕ್ಕೆ ಕೂರಲ್ಲ, ಚಿನ್ನದ ಬಣ್ಣದ ತಿಳಿನೀರು ಆಗುತ್ತೆ, ಅದನ್ನ ನೋಡಿ ಅಮ್ಮನಿಗೆ ಪೂರ್ತಿ ನಂಬಿಕೆ ಬಂದುಬಿಟ್ಟಿದೆ. ಇದು ಔಷಧಿ ಅಲ್ಲ, ಬರೀ ಆಹಾರ, ಎಷ್ಟು ಬೇಕಾದ್ರೂ ತಗೋಬಹುದು ಅಂದ್ರಂತೆ. ಎಷ್ಟು ಬೇಕಾದ್ರೂ ಅನ್ನೋ ಮಾತು ಕೇಳಿ ನನಗೆ ಭಯ ಆಯ್ತು. ಏನಿದು ನ್ಯಾನೋ, ಮೋಸಾನಾ ನಿಜಾನಾ?

ಕಾಳುಮೆಣಸು_ಬಳ್ಳಿ
ಸುಮಾ ಅವ್ರೇ, ನಮ್ಮದು ಮೂಡಿಗೆರೆ ಕಡೆ ತೋಟ. ನಮ್ಮಜ್ಜಿ ಕೆಮ್ಮು ಬಂದ್ರೆ ಬಿಸಿ ಹಾಲಿಗೆ ಅರಿಶಿನ, ನಾಕು ಕಾಳುಮೆಣಸು ಕುಟ್ಟಿ ಹಾಕಿ ಕೊಡ್ತಿದ್ರು. ಅಷ್ಟು ಸಾಕಲ್ವಾ? 1,850 ಕೊಟ್ಟು ಬಾಟ್ಲಿ ಯಾಕೆ?

ಆಹಾರತಂತ್ರಿ
ನಾನು ಮೈಸೂರಲ್ಲಿ ಫುಡ್ ಟೆಕ್ನಾಲಜಿ ಓದಿ ಹದಿನಾಲ್ಕು ವರ್ಷದಿಂದ ಇದೇ ಫೀಲ್ಡ್‌ನಲ್ಲಿದೀನಿ, ಎಮಲ್ಷನ್ (ಎಣ್ಣೆ ನೀರು ಬೇರೆ ಆಗದ ಹಾಗೆ ಬೆರೆಸೋದು) ಮತ್ತೆ ಸ್ಪ್ರೇ ಡ್ರೈಯಿಂಗ್ (ದ್ರವನ ಸಿಂಪಡಿಸಿ ಒಣಗಿಸಿ ಪುಡಿ ಮಾಡೋದು) ನನ್ನ ಕೆಲಸ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ.

ಸುಮಾ ಅವ್ರೇ, ಮೊದಲು ಒಂದು ಮಾತು. ಹಾರ್ಟ್ ಡಾಕ್ಟರನ್ನ ಕೇಳೋ ತನಕ ಅಮ್ಮನಿಗೆ ಅದನ್ನ ಕೊಡಬೇಡಿ. ಅರಿಶಿನದ ಹಳದಿ ಅಂಶ ಕರ್ಕ್ಯುಮಿನ್‌ಗೆ ಪ್ಲೇಟ್‌ಲೆಟ್‌ಗಳು, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಕಣಗಳು, ಒಂದಕ್ಕೊಂದು ಅಂಟೋದನ್ನ ಕಮ್ಮಿ ಮಾಡೋ ಗುಣ ಇದೆ, ರಕ್ತ ತೆಳು ಮಾಡೋ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವದ ಅಪಾಯ ಜಾಸ್ತಿ ಆಗಬಹುದು. ಹುಳಿ ಪಲ್ಯಕ್ಕೆ ಹಾಕೋ ಅರಿಶಿನದ ಬಗ್ಗೆ ಈ ಚಿಂತೆ ಬೇಡ. ಯಾಕೆ ಅದಕ್ಕೆ ಬೇಡ, ಇದಕ್ಕೆ ಬೇಕು ಅನ್ನೋದ್ರಲ್ಲೇ ನ್ಯಾನೋ ಕಥೆ ಎಲ್ಲಾ ಇದೆ.

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3%. ಅದು ನೀರಲ್ಲಿ ಕರಗಲ್ಲ, ಅದಕ್ಕೇ ತಳಕ್ಕೆ ಕೂರೋದು. ಹೊಟ್ಟೆಗೆ ಹೋದಮೇಲೂ ಅಷ್ಟೇ, ಬಹುಪಾಲು ಹಾಗೇ ಆಚೆ ಹೋಗುತ್ತೆ, ಸ್ವಲ್ಪ ಒಳಗೆ ಹೋಗಿದ್ದನ್ನ ಕರುಳಿನ ಗೋಡೆ ಮತ್ತೆ ಲಿವರ್ ಸೇರಿ ಬೇಗ ಬೇರೆ ರೂಪಕ್ಕೆ ತಿರುಗಿಸಿ ಕಳಿಸಿಬಿಡುತ್ವೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಇದರ ಮೇಲೆ ಒಂದು ಅಧ್ಯಯನ ಆಗಿತ್ತು, 1998ರಲ್ಲಿ ಪ್ರಕಟ ಆಯ್ತು, ಇವತ್ತಿಗೂ ಪ್ರಪಂಚದ ಯಾವ ಮೂಲೆಯಲ್ಲಿ ಅರಿಶಿನದ ಕ್ಯಾಪ್ಸೂಲ್ ಮಾರಿದ್ರೂ ಅದನ್ನೇ ತೋರಿಸ್ತಾರೆ. ಕೆಲವೇ ಜನ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ರು, ರಕ್ತದಲ್ಲಿ ಹುಡುಕಿದ್ರೆ ಸಿಕ್ಕಿದ್ದು ಇಲ್ಲ ಅನ್ನೋಷ್ಟು ಕಮ್ಮಿ. ಜೊತೆಗೆ ಕಾಳುಮೆಣಸಿನ ಖಾರದ ಅಂಶ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ 20 ಪಟ್ಟು ಜಾಸ್ತಿ ಆಯ್ತು. ಹಾಗಾಗಿ ಬಳ್ಳಿ ಅವ್ರ ಅಜ್ಜಿ ಮಾಡ್ತಿದ್ದದ್ರಲ್ಲಿ ಅರ್ಥ ಇದೆ, ಆದ್ರೆ ಲೆಕ್ಕಾನೂ ನೋಡಿ, 2 ಗ್ರಾಂ ಕರ್ಕ್ಯುಮಿನ್ ಅಂದ್ರೆ 65 ಗ್ರಾಂ ಮೇಲೆ ಅರಿಶಿನ ಪುಡಿ ಬೇಕು. ಹಾಲಿಗೆ ಹಾಕೋದು ಕಾಲು ಚಮಚ.

ಈಗ ನ್ಯಾನೋ. ಒಂದು ಮೀಟರನ್ನ ನೂರು ಕೋಟಿ ಭಾಗ ಮಾಡಿದ್ರೆ ಒಂದು ನ್ಯಾನೋಮೀಟರ್. ನಮ್ಮ ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ಕರ್ಕ್ಯುಮಿನನ್ನ ಎಣ್ಣೇಲಿ ಕರಗಿಸಿ, ಆ ಎಣ್ಣೆಯನ್ನ ನೀರಿನ ಜೊತೆ ಬೆರೆಯೋ ಹಾಗೆ ಮಾಡೋ ಲೆಸಿಥಿನ್ ಥರದ್ದು ಏನಾದ್ರೂ ಹಾಕಿ ಭಾರೀ ಒತ್ತಡದಲ್ಲಿ ಸಣ್ಣ ಸಂದಿಯಿಂದ ನುಗ್ಗಿಸ್ತಾರೆ, ಆಗ ಎಣ್ಣೆ 100-200 ನ್ಯಾನೋಮೀಟರ್ ಹನಿಗಳಾಗಿ ಒಡೆದು ನೀರಲ್ಲಿ ತೇಲುತ್ತೆ. ಇನ್ನೂ ಸಣ್ಣ ಆದ್ರೆ ಬೆಳಕಿನ ಅಲೆಗಿಂತ ಎಷ್ಟೋ ಕಿರಿದು, ಬೆಳಕು ಚದುರಲ್ಲ, ಅದಕ್ಕೇ ನಿಮ್ಮ ಅಮ್ಮನಿಗೆ ತಿಳಿನೀರು ಕಂಡಿದ್ದು. ಆ ತಿಳಿನೀರು ನೋಡಿದ್ರೆ ಹನಿ ಸಣ್ಣ ಇದೆ ಅಂತಷ್ಟೇ ಗೊತ್ತಾಗೋದು, ಮಂಡಿನೋವಿಗೆ ಕೆಲಸ ಮಾಡುತ್ತಾ ಇಲ್ವಾ ಅಂತ ಅದರಿಂದ ಗೊತ್ತಾಗಲ್ಲ.

ಟೆಕ್ನಾಲಜಿ ಮೋಸ ಅಲ್ಲ. ಜಪಾನ್‌ನಲ್ಲಿ ಮಾಡಿದ ಥೆರಾಕ್ಯುರ್ಮಿನ್ ಅಂತ ಒಂದಿದೆ, ಕಣದ ಸರಾಸರಿ ಗಾತ್ರ 190 ನ್ಯಾನೋಮೀಟರ್ ಹತ್ರ, 2011ರ ಅಧ್ಯಯನದಲ್ಲಿ ಮನುಷ್ಯರ ರಕ್ತಕ್ಕೆ ಮಾಮೂಲಿ ಪುಡಿಗಿಂತ 27 ಪಟ್ಟು ಜಾಸ್ತಿ ಸೇರಿತ್ತು. ಆದ್ರೆ 27 ಪಟ್ಟು ಒಳಗೆ ಹೋಗೋದನ್ನ "ಬರೀ ಆಹಾರ, ಎಷ್ಟು ಬೇಕಾದ್ರೂ ತಗೊಳ್ಳಿ" ಅನ್ನೋಕೆ ಹೇಗ್ರೀ ಆಗುತ್ತೆ? ಅಡುಗೆಮನೆ ಅರಿಶಿನ ಸಾವಿರಾರು ವರ್ಷದಿಂದ ಸೇಫ್ ಆಗಿರೋದಕ್ಕೆ ಒಂದು ಕಾರಣ ಅದು ಒಳಗೆ ಹೋಗದೇ ಇರೋದು. ಆ ಬಾಗಿಲು ತೆಗೆದಮೇಲೆ ಹಳೇ ನಂಬಿಕೆ ಇಟ್ಕೊಂಡು ಹೊಸ ಡೋಸ್ ಕೊಡಬಾರದು. ಅಮೆರಿಕದಲ್ಲಿ ಔಷಧಿಯಿಂದ ಲಿವರ್‌ಗೆ ಆಗೋ ಹಾನಿ ದಾಖಲೆ ಮಾಡೋ ಆಸ್ಪತ್ರೆಗಳ ಜಾಲ ಒಂದಿದೆ, 2004ರಿಂದ 2022ರ ತನಕ ಅರಿಶಿನದ ಸಪ್ಲಿಮೆಂಟ್‌ನಿಂದ ಅಂತ ಗುರುತಿಸಿದ ಕೇಸ್ 10, ಅದರಲ್ಲಿ 7 ಜನರಲ್ಲಿ ಒಂದೇ ಜೀನ್ ಮಾದರಿ ಸಿಕ್ಕಿತ್ತು. ಅಪರೂಪ, ಒಪ್ತೀನಿ. ಆದ್ರೆ ಆ ಜೀನ್ ಯಾರಲ್ಲಿದೆ ಅಂತ ಬಾಟ್ಲಿ ಮಾರೋರಿಗೆ ಗೊತ್ತಿರಲ್ಲ. ಇಟಲಿ ಸರ್ಕಾರವಂತೂ ಇಂಥಾ ಕೇಸ್‌ಗಳು ಬಂದಮೇಲೆ ಅರಿಶಿನದ ಸಪ್ಲಿಮೆಂಟ್ ಲೇಬಲ್ ಮೇಲೆ ಎಚ್ಚರಿಕೆ ಹಾಕ್ಸಿದೆ.

ಧಾರವಾಡ_ಬಸ್ಯಾ
ಆಹಾರತಂತ್ರಿ ಸರ, ಛಲೋ ಬರದೀರಿ. ಆದ್ರ ನ್ಯಾನೋ ಅಂದ ಕೂಡ್ಲೇ ನನಗ ಹೊಲ ನೆನಪಾಗತೈತಿ. 2021ರಾಗ ನ್ಯಾನೋ ಯೂರಿಯಾ ಬಂತಲ್ರೀ, ಅರ್ಧ ಲೀಟರ್ ಬಾಟ್ಲಿ 45 ಕೆಜಿ ಚೀಲಕ್ಕ ಸಮ ಅಂದ್ರು. ನಾ ಮನ್ಯಾಗ ಕುಂತು ಲೆಕ್ಕ ಹಾಕಿದೆ, ಬಾಟ್ಲಿ ಮ್ಯಾಲ ನೈಟ್ರೋಜನ್ 4% ಅಂತ ಬರದಿತ್ತು, ಅಂದ್ರ ಅರ್ಧ ಲೀಟರ್‌ನಾಗ 20 ಗ್ರಾಂ. ಚೀಲದಾಗ 46%, ಅಂದ್ರ 20 ಕೆಜಿ ಮ್ಯಾಲ. ಸಾವಿರ ಪಟ್ಟು ಫರಕ ಐತಿ. ಎಲಿ ಎಷ್ಟ ಛಲೋ ಹೀರಿದ್ರೂ ಇಲ್ಲದ್ದು ಎಲ್ಲಿಂದ ಬರಬೇಕ್ರೀ? ಊಟದಾಗೂ ಹಿಂಗ ಹೇಳಿ ಮಾರಾಕತ್ತಾರ ಏನು ಅಂತ ನನ್ನ ಸಂಶೆ.

ಆಹಾರತಂತ್ರಿ
ಬಸ್ಯಾ ಅವ್ರೇ, ಈ ಲೆಕ್ಕಾನೇ ಎಲ್ರೂ ಮಾಡಬೇಕು. ಯಾವ ಪದಾರ್ಥದಲ್ಲಿ ನಷ್ಟ ಎಲ್ಲಿ ಆಗ್ತಿದೆ ಅಂತ ಮೊದಲು ನೋಡಬೇಕು. ಕರ್ಕ್ಯುಮಿನ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ದಾರೀಲೇ ಪೋಲಾಗೋದ್ರಿಂದ ಹನಿ ಸಣ್ಣ ಮಾಡಿ ಹತ್ತು ಇಪ್ಪತ್ತು ಪಟ್ಟು ಗಳಿಸೋಕೆ ಜಾಗ ಇದೆ. ಆದ್ರೆ ಈಗಾಗಲೇ ಅರ್ಧಕ್ಕರ್ಧ ಹೀರ್ಕೊಳ್ಳೋ ಪದಾರ್ಥಕ್ಕೆ ಹತ್ತು ಪಟ್ಟು ಅಂದ್ರೆ ಅದು ಸುಳ್ಳು, ಯಾಕಂದ್ರೆ ನೂರಕ್ಕೆ ನೂರು ಹೀರಿದ್ರೂ ಎರಡೇ ಪಟ್ಟು. ವಿಟಮಿನ್ ಸಿ ಥರ ನೀರಲ್ಲಿ ತಾನಾಗೇ ಕರಗೋದನ್ನ ನ್ಯಾನೋ ಮಾಡಿದೀವಿ ಅಂದ್ರೆ ಯಾಕೆ ಅಂತ ಕೇಳಿ. ನ್ಯಾನೋ ಇಲ್ಲದ್ದನ್ನ ಹುಟ್ಟಿಸಲ್ಲ, ಪೋಲಾಗ್ತಿದ್ದದ್ದನ್ನ ಉಳಿಸುತ್ತೆ, ಅಷ್ಟೇ ಅದರ ಕೈಲಾಗೋದು.

ಮೆಡಿಕಲ್_ಕುಂದಾಪುರ
ನಾನು ಮೆಡಿಕಲ್ ಶಾಪ್ ಇಟ್ಟವ. ನಿಮಗೆ ಗೊತ್ತುಂಟಾ, ನ್ಯಾನೋ ಈಗಾಗ್ಲೇ ಪ್ರತಿ ಮನೆಗೆ ಬಂದಾಗಿದೆ. ವಿಟಮಿನ್ ಡಿ3 ನ್ಯಾನೋ ಶಾಟ್ ಅಂತ 5 ಎಂಎಲ್ ಸಣ್ಣ ಬಾಟ್ಲಿ, 60,000 ಐಯು (ಐಯು ಅಂದ್ರೆ ವಿಟಮಿನ್ ಅಳೆಯುವ ಯೂನಿಟ್). ಡಾಕ್ಟ್ರು ಬರೆದು ಕೊಡುದು ವಾರಕ್ಕೊಂದು, ಎಂಟು ವಾರ. ಆದ್ರೆ ಕೆಲವರು ಚೀಟಿ ಹಿಡ್ಕೊಂಡು ಬಂದು ಒಟ್ಟಿಗೆ ಎಂಟು ತಗೊಂಡು ಹೋಗಿ ಟಾನಿಕ್ ಹಾಗೆ ದಿನಾ ಒಂದು ಕುಡಿತಾರೆ. ನಾನು ಪ್ರತಿ ಸಲ ಬಾಟ್ಲಿ ಮೇಲೆ ಪೆನ್ನಲ್ಲಿ "ಭಾನುವಾರ ಮಾತ್ರ" ಅಂತ ಬರೆದೇ ಕೊಡುದು. ಡಿ ಜಾಸ್ತಿ ಆದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ತದೆ, ವಾಂತಿ, ಮಲಬದ್ಧತೆ, ಮತ್ತೆ ಕಿಡ್ನಿಗೇ ಪೆಟ್ಟು.

ಒಂದು ಲೆಕ್ಕ ಹೇಳ್ತೇನೆ. 60,000 ಐಯು ಅಂದ್ರೆ 1,500 ಮೈಕ್ರೋಗ್ರಾಂ. ಪ್ಲಸ್ ಎಫ್ ಗುರುತಿನ, ಅಂದ್ರೆ ವಿಟಮಿನ್ ಸೇರಿಸಿದ ಹಾಲಿಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದ್ದು ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ. ಅಂದ್ರೆ ಆ ಒಂದು ಗುಟುಕಲ್ಲಿ ಕಮ್ಮಿ ಅಂದ್ರೂ 200 ಲೀಟರ್ ಹಾಲಿನ ವಿಟಮಿನ್ ಡಿ ಉಂಟು. ಎರಡಕ್ಕೂ ವಿಟಮಿನ್ ಡಿ ಅಂತಲೇ ಹೆಸರು, ಆದ್ರೆ ಒಂದು ಊಟ, ಇನ್ನೊಂದು ಮದ್ದು. ಸುಮಾ ಅವ್ರೇ, ನಿಮ್ಮ ಆ ಅರಿಶಿನದ ಬಾಟ್ಲಿಯೂ ಊಟದ ಲೆಕ್ಕಕ್ಕೆ ಬರುದಿಲ್ಲ ಅಂತ ನನ್ನ ಅಭಿಪ್ರಾಯ.

ರೈನ್_ದಡದಿಂದ
ನಾನು ಹಾಸನದವನು, ಈಗ ಜರ್ಮನಿಯಲ್ಲಿರೋದು. ಇಲ್ಲಿ ಯುರೋಪಿಯನ್ ಯೂನಿಯನ್ ಪೂರ್ತಿಗೆ 2014ರ ಡಿಸೆಂಬರ್‌ನಿಂದ ಒಂದು ರೂಲ್ ಇದೆ, ಬೇಕಂತಲೇ ನ್ಯಾನೋ ಮಾಡಿ ಹಾಕಿದ ಪದಾರ್ಥ ಇದ್ರೆ ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿ ನ್ಯಾನೋ ಅಂತ ಬರೀಲೇಬೇಕು. ಆಮೇಲೆ ಟೈಟಾನಿಯಂ ಡೈಆಕ್ಸೈಡ್ ವಿಷ್ಯ ಗೊತ್ತಿರಬಹುದು, ಚ್ಯೂಯಿಂಗ್ ಗಮ್, ಪೆಪ್ಪರ್‌ಮಿಂಟ್ ಬೆಳ್ಳಗೆ ಕಾಣೋಕೆ ಹಾಕೋ ಇ171. ಫ್ರಾನ್ಸ್ 2020ರಲ್ಲೇ ನಿಲ್ಲಿಸ್ತು, 2021ರ ಮೇನಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಡಿಎನ್‌ಎಗೆ ಹಾನಿ ಆಗಲ್ಲ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತು, 2022ರಲ್ಲಿ ಎಲ್ಲಾ ಕಡೆ ಬ್ಯಾನ್ ಆಯ್ತು. ಅಮೆರಿಕದಲ್ಲಿ ತೂಕದ 1% ತನಕ ಹಾಕಬಹುದು ಅನ್ನೋ ಹಳೇ ರೂಲ್ ಇದೆ. ನನ್ನ ಮಗಳಿಗೆ ಇಂಡಿಯಾಗೆ ಬಂದಾಗ ಬಣ್ಣದ ಮಿಠಾಯಿ ಕೊಡಿಸೋ ಮುಂಚೆ ಐಎನ್‌ಎಸ್ 171 (ಅಲ್ಲಿನ ಲೇಬಲ್‌ನಲ್ಲಿ ಇದೇ ಇ171ರ ಹೆಸರು) ಇದ್ಯಾ ಅಂತ ನೋಡ್ತೀನಿ. ನ್ಯಾನೋ ಅಂದ್ರೆ ನನಗೆ ಮೊದಲು ನೆನಪಾಗೋದೇ ಇದು, ಹಾಗಾಗಿ ಒಟ್ಟಾರೆ ದೂರ ಇಡೋದೇ ಒಳ್ಳೇದು ಅನ್ಸುತ್ತೆ.

ಆಹಾರತಂತ್ರಿ
ನಿಮ್ಮ ಎಚ್ಚರಿಕೆ ಒಪ್ತೀನಿ, ಒಟ್ಟಾರೆ ದೂರ ಇಡಿ ಅನ್ನೋದನ್ನ ಒಪ್ಪಲ್ಲ. ಎಲ್ಲಾ ನ್ಯಾನೋವನ್ನ ಒಂದೇ ಚೀಲಕ್ಕೆ ಹಾಕಬಾರದು. ಟೈಟಾನಿಯಂ ಡೈಆಕ್ಸೈಡ್, ಸಿಲಿಕಾ, ಬೆಳ್ಳಿ ಇವೆಲ್ಲಾ ಕಲ್ಲಿನ ಜಾತಿ, ಸುಲಭಕ್ಕೆ ಜೀರ್ಣ ಆಗಲ್ಲ, ಬಹುಮಟ್ಟಿಗೆ ಕಣ ಕಣವಾಗೇ ಉಳಿಯುತ್ತೆ, ಅದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತೆ ಅನ್ನೋ ಪ್ರಶ್ನೆ ನಿಜವಾದ ಪ್ರಶ್ನೆ. ಎಣ್ಣೆ ಹನಿ, ಹಾಲಿನ ಪ್ರೋಟೀನ್, ಪಿಷ್ಟದಿಂದ ಮಾಡಿದ ಕಣಗಳು ಮೆತ್ತನೆ ಜಾತಿ, ಹೊಟ್ಟೆಯ ಆಮ್ಲ, ಪಿತ್ತರಸ ಸೇರಿ ಅವನ್ನ ಒಡೆದು ಮಾಮೂಲಿ ಊಟದ ಥರಾನೇ ಅರಗಿಸಿಬಿಡುತ್ವೆ. ಅಲ್ಲಿ ಕಣದ ಭಯಕ್ಕಿಂತ ಡೋಸ್‌ನ ಭಯ ಮುಖ್ಯ.

ಇನ್ನೊಂದು, ಮೆತ್ತನೆ ನ್ಯಾನೋ ನಮಗೆ ಹೊಸದೇನಲ್ಲ. ಹಾಲಿನಲ್ಲಿ ಕೇಸಿನ್ ಪ್ರೋಟೀನ್ ಇರೋದೇ ಸುಮಾರು 150-200 ನ್ಯಾನೋಮೀಟರ್‌ನ ಉಂಡೆಗಳಾಗಿ, ಅದರ ಹೊಟ್ಟೇಲಿ ಕ್ಯಾಲ್ಸಿಯಂ ತುಂಬಿರುತ್ತೆ, ಅದಿಲ್ಲದಿದ್ರೆ ಅಷ್ಟು ಕ್ಯಾಲ್ಸಿಯಂ ಹಾಲಲ್ಲಿ ತೇಲ್ತಾನೇ ಇರ್ಲಿಲ್ಲ, ತಳಕ್ಕೆ ಸುಣ್ಣದ ಥರ ಕೂರ್ತಿತ್ತು. ಕರುವಿಗೆ ಕ್ಯಾಲ್ಸಿಯಂ ಮುಟ್ಟಿಸೋಕೆ ಹಸು ಮಾಡ್ಕೊಂಡಿರೋ ವ್ಯವಸ್ಥೆ ಇದು, ಎಮಲ್ಷನ್ ಕೆಲಸ ಮಾಡೋ ನನಗೆ ಇದಕ್ಕಿಂತ ಚಂದದ ಡಿಸೈನ್ ಇನ್ನೊಂದು ಕಂಡಿಲ್ಲ. ಐಐಟಿ ಗುವಾಹಟಿಯವ್ರು 2008ರಲ್ಲಿ ಈ ಕೇಸಿನ್ ಉಂಡೆಗಳಿಗೆ ಕರ್ಕ್ಯುಮಿನ್ ಹೋಗಿ ಅಂಟುತ್ತೆ ಅಂತ ತೋರಿಸಿದ್ರು. ಅರಿಶಿನ ನೀರಿಗೆ ಹಾಕಿದ್ರೆ ಕೂರುತ್ತೆ, ಹಾಲಿಗೆ ಹಾಕಿ ಕುದಿಸಿದ್ರೆ ಹಾಲೆಲ್ಲಾ ಹಳದಿ ಆಗುತ್ತೆ, ಅದರಲ್ಲಿ ಕೊಬ್ಬಿನ ಜೊತೆ ಇದರ ಪಾಲೂ ಇದೆ. ಹೋಮೋಜಿನೈಸ್ಡ್ ಹಾಲಿಗೆ ಕೆನೆ ಕಟ್ಟಲ್ಲ ಅಂತ ಬೈತೀರಲ್ಲ, ಅಲ್ಲೂ ಸಂದಿಯಿಂದ ನುಗ್ಗಿಸಿ ಕೊಬ್ಬಿನ ಹನಿಯನ್ನ ಮೂರು ನಾಲ್ಕು ಮೈಕ್ರಾನ್‌ನಿಂದ (ಒಂದು ಮೈಕ್ರಾನ್ ಅಂದ್ರೆ ಸಾವಿರ ನ್ಯಾನೋಮೀಟರ್) ಒಂದು ಮೈಕ್ರಾನ್‌ಗಿಂತ ಕೆಳಗೆ ಇಳಿಸಿರ್ತಾರೆ. ಒತ್ತಡ ಇನ್ನೂ ಏರಿಸಿದ್ರೆ ನ್ಯಾನೋ.

ಅಂಗನವಾಡಿ_ಟೀಚರ್_ಸಿಂಧನೂರು
ನಾ ಇಷ್ಟೊತ್ತು ಸುಮ್ನೆ ಓದಾಕತ್ತಿದ್ದೆ. ಸಾವಿರದ ಎಂಟುನೂರು ರೂಪಾಯಿ ಬಾಟ್ಲಿ ಬಗ್ಗೆ ಇಷ್ಟು ಮಾತಾಡಿದ್ರಿ, ನಮ್ ಕಡೆ ಬಡವ್ರಿಗೆ ಇದರಿಂದ ಏನರ ಉಪಯೋಗ ಐತಿ ಏನ್ರಿ? ನಮ್ ಸೆಂಟರ್‌ನಾಗ ಬಸರಿ ಹೆಣ್ಮಕ್ಳಿಗೆ ರಕ್ತ ತಪಾಸಣಿ ಮಾಡ್ಸಿದ್ರ ಬಹಳ ಮಂದಿಗೆ ರಕ್ತ ಕಡಿಮಿ. ಐರನ್ ಗುಳಿಗಿ ಕೊಟ್ರ ಹೊಟ್ಟಿ ತೊಳಸತೈತಿ ಅಂತ ತಿಪ್ಪಿಗೆ ಒಗೀತಾರ. ಇನ್ನ ಐರನ್ ಸೇರಿಸಿದ ಕಾಳು ಬೆರೆಸಿದ ಸಾರವರ್ಧಿತ ಅಕ್ಕಿ ಬಂದಾಗಂತೂ ಪ್ಲಾಸ್ಟಿಕ್ ಅಕ್ಕಿ ಅಂತ ಸುದ್ದಿ ಹಬ್ಬಿ ಆ ಕಾಳನ್ನ ಒಂದೊಂದಾಗಿ ಆರಿಸಿ ಚೆಲ್ಲಿದ್ರು. ನಾ ಏನ್ ಮಾಡಿದೆ ಅಂದ್ರ ತಾಯಂದಿರ ಸಭೆ ದಿನ ಆ ಆರಿಸಿದ ಕಾಳನ್ನ ಬ್ಯಾರೆ ಬೋಗುಣಿಯೊಳಗ ಎಲ್ಲಾರ ಮುಂದನೇ ಅನ್ನ ಮಾಡಿ ಮೊದಲ ನಾ ಉಂಡೆ, ಆಮ್ಯಾಲ ನನ್ ಮಗಳಿಗೆ ಉಣಿಸಿದೆ. ಆವತ್ತಿಂದ ನಮ್ ಊರಾಗ ಚೆಲ್ಲೋದು ಕಮ್ಮಿ ಆತು. ಆ ಕಾಳಿನಾಗೂ ನ್ಯಾನೋ ಐತೇನ್ರಿ ಸರ?

ಆಹಾರತಂತ್ರಿ
ಟೀಚರ್, ನೀವು ಉಂಡು ತೋರಿಸಿದ್ದಕ್ಕೆ ನನ್ನ ನಮಸ್ಕಾರ. ನೀವು ಕೇಳಿದ್ದೇ ಈ ಚರ್ಚೆಯ ಮುಖ್ಯ ಪ್ರಶ್ನೆ, ನಾವೆಲ್ಲಾ ತಡವಾಗಿ ಬಂದ್ವಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ಅದರ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 57% ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ 67%. ಮಂಡಿನೋವಿನ ಡ್ರಾಪ್ಸ್‌ಗಿಂತ ನೂರು ಪಟ್ಟು ದೊಡ್ಡ ಕೆಲಸ ಇದು.

ಆ ಕಾಳು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿಗೆ ಐರನ್, ಫೋಲಿಕ್ ಆಸಿಡ್, ಬಿ12 ಕಲಸಿ ಶಾವಿಗೆ ಒತ್ತಿದ ಹಾಗೆ ಮಿಷಿನ್‌ನಲ್ಲಿ ಒತ್ತಿ ಅಕ್ಕಿ ಆಕಾರಕ್ಕೆ ಕತ್ತರಿಸಿದ್ದು. 100 ಕೆಜಿ ಅಕ್ಕಿಗೆ 1 ಕೆಜಿ ಬೆರೆಸ್ತಾರೆ. ಹಾಗಾಗಿ ಅದನ್ನ ಆರಿಸಿ ಚೆಲ್ಲಿದ್ರೆ ಸರ್ಕಾರ ಹಾಕಿದ ಐರನ್ ಪೂರ್ತಿ ಚೆಲ್ಲಿದ ಹಾಗೇ. ಅದರಲ್ಲಿ ಬಳಸೋದು ಸಾಮಾನ್ಯವಾಗಿ ಫೆರಿಕ್ ಪೈರೋಫಾಸ್ಫೇಟ್ ಅನ್ನೋ ಐರನ್‌ನ ಬಿಳೀ ಪುಡಿ. ಯಾಕೆ ಅದೇ ಅಂದ್ರೆ, ಚೆನ್ನಾಗಿ ಹೀರ್ಕೊಳ್ಳೋ ಫೆರಸ್ ಸಲ್ಫೇಟ್ ಹಾಕಿದ್ರೆ ಅಕ್ಕಿ ಬಣ್ಣ ಕೆಡುತ್ತೆ, ಕಬ್ಬಿಣದ ರುಚಿ ಬರುತ್ತೆ, ಇಟ್ಟಷ್ಟೂ ಮುಗ್ಗಲು. ಪೈರೋಫಾಸ್ಫೇಟ್ ನೀರಲ್ಲಿ ಕರಗಲ್ಲ, ಹಾಗಾಗಿ ರುಚಿ ಬಣ್ಣ ಕೆಡಲ್ಲ, ಆದ್ರೆ ಕರಗದೇ ಇರೋದ್ರಿಂದಲೇ ಹೊಟ್ಟೇಲೂ ಕಮ್ಮಿ ಹೀರುತ್ತೆ. ಐರನ್ ಕೆಲಸ ಮಾಡೋರನ್ನೆಲ್ಲಾ ಹಲವಾರು ವರ್ಷದಿಂದ ಕಾಡ್ತಿರೋ ಸಮಸ್ಯೆ ಇದೇ, ಕರಗಿದ್ರೆ ಊಟ ಕೆಡುತ್ತೆ, ಕರಗದಿದ್ರೆ ಮೈಗೆ ಹತ್ತಲ್ಲ.

ಇಲ್ಲಿ ಕಣದ ಗಾತ್ರ ಕೈ ಹಿಡಿಯುತ್ತೆ. ಅದೇ ಪೈರೋಫಾಸ್ಫೇಟನ್ನ 300 ನ್ಯಾನೋಮೀಟರ್ ಸುಮಾರಿಗೆ ಸಣ್ಣ ಮಾಡಿ, ಒಂದಕ್ಕೊಂದು ಅಂಟದ ಹಾಗೆ ಲೇಪ ಕೊಟ್ಟು ಮನುಷ್ಯರಿಗೆ ಕೊಟ್ಟು ನೋಡಿದಾರೆ, 2004ರಲ್ಲಿ ಪ್ರಕಟ ಆಗಿದ್ದು, ಹೀರಿಕೆ ಫೆರಸ್ ಸಲ್ಫೇಟ್‌ಗೆ ಹೆಚ್ಚುಕಮ್ಮಿ ಸಮ ಬಂತು. ಹೊಟ್ಟೇಲಿ ಆಮ್ಲಕ್ಕೆ ಸಿಕ್ಕೋ ಮೈ ಜಾಸ್ತಿ ಆಗುತ್ತಲ್ಲ, ಬೆಲ್ಲದ ಅಚ್ಚು ನಿಧಾನ ಕರಗುತ್ತೆ, ಪುಡಿ ಬೆಲ್ಲ ಬೇಗ ಕರಗುತ್ತೆ, ಅದೇ ತತ್ವ. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿರೋ ಇಟಿಎಚ್ ವಿಶ್ವವಿದ್ಯಾಲಯದವ್ರು ಇನ್ನೂ ಮುಂದೆ ಹೋಗಿ ಹಾಲಿನ ಪ್ರೋಟೀನ್‌ನ ನೂಲಿನ ಥರ ಎಳೆ ಮಾಡಿ ಅದರ ಮೇಲೆ ಐರನ್ ನ್ಯಾನೋ ಕಣ ಕೂರಿಸಿ 2017ರಲ್ಲಿ ತೋರಿಸಿದ್ರು, ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡ್ತು. ಪ್ರೋಟೀನ್ ಎಳೆ ಅರಗುತ್ತೆ, ಕಬ್ಬಿಣ ಕರಗುತ್ತೆ, ಕಣ ಕಣವಾಗಿ ಉಳಿಯಲ್ಲ. ನನ್ನ ಮಟ್ಟಿಗೆ ಆಹಾರದಲ್ಲಿ ನ್ಯಾನೋ ಅಂದ್ರೆ ಇದಕ್ಕಾಗಿ ದುಡೀಬೇಕು, ಮೈಸೂರಲ್ಲಿ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇರೋ ನಾಡಿದು, 1950ರಿಂದ ಇದೇ ಕೆಲಸಕ್ಕೆ ನಿಂತ ಸಂಸ್ಥೆ, ರಾಗಿ ಜೋಳ ಉಣ್ಣೋ ಜನಕ್ಕೆ ತಕ್ಕ ಹಾಗೆ ಇದು ಇಲ್ಲಿಂದಲೇ ಬರಬೇಕು ಅನ್ನೋದು ನನ್ನ ಆಸೆ.

ನಿಮ್ಮ ಹೆಣ್ಮಕ್ಕಳಿಗೆ ಇವತ್ತೇ ಹೇಳಬಹುದಾದ್ದು: ಊಟದ ಜೊತೆ ನಿಂಬೆಹಣ್ಣು ಹಿಂಡ್ಕೊಳ್ಳಿ, ಊಟ ಆದ ತಕ್ಷಣ ಚಾ ಬೇಡ, ಒಂದು ಗಂಟೆ ಬಿಡಿ. ಚಹಾದ ಒಗರು ಐರನ್‌ನ ಹಿಡಿದು ಕೂರಿಸಿಬಿಡುತ್ತೆ. ಗುಳಿಗೆಗೆ ಹೊಟ್ಟೆ ತೊಳಸೋರು ರಾತ್ರಿ ಊಟ ಆದಮೇಲೆ ತಗೊಂಡು ನೋಡಲಿ, ಪೂರ್ತಿ ಬಿಡೋದಕ್ಕಿಂತ ಎಷ್ಟೋ ವಾಸಿ.

ಧಾರವಾಡ_ಬಸ್ಯಾ
ಅಕ್ಕಾರ, ನಿಮ್ಮ ಬೋಗುಣಿ ಅನ್ನದ ಸುದ್ದಿ ನಮ್ಮವ್ವಗ ಓದಿ ಹೇಳಿದೆ. ನಮ್ಮನ್ಯಾಗೂ ಆ ಕಾಳು ಆರಿಸಿ ಕೋಳಿಗೆ ಹಾಕ್ತಿದ್ರು. ಇನ್ನ ಹಾಕೂದಿಲ್ಲ ಅಂದಾಳ.

ರೈನ್_ದಡದಿಂದ
ಕಲ್ಲಿನ ಜಾತಿ, ಮೆತ್ತನೆ ಜಾತಿ ಅಂದಿದ್ದು ಸರಿಯಾಗಿ ತಲೆಗೆ ಹೋಯ್ತು. ಇಂಡಿಯಾದಲ್ಲಿ ರೂಲ್ ಏನಿದೆ ಸರ್?

ಆಹಾರತಂತ್ರಿ
ಇದೆ. ಎಫ್‌ಎಸ್‌ಎಸ್‌ಎಐನ 2017ರ ನಿಯಮದ ಪ್ರಕಾರ ಹೊಸ ತಂತ್ರಜ್ಞಾನದಿಂದ ಆಹಾರದ ರಚನೆಯೋ ಗಾತ್ರವೋ ಬದಲಾಗಿ ಪೋಷಣೆ ಮೇಲೆ ಪರಿಣಾಮ ಆಗೋದಾದ್ರೆ ಮೊದಲೇ ಅನುಮತಿ ತಗೋಬೇಕು. 2020ರ ಜುಲೈನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಕೃಷಿ ಮತ್ತೆ ಆಹಾರದ ನ್ಯಾನೋ ಉತ್ಪನ್ನಗಳನ್ನ ಹೇಗೆ ಪರೀಕ್ಷೆ ಮಾಡಬೇಕು ಅಂತ ಮಾರ್ಗಸೂಚಿನೂ ತಂದಿದೆ. ನನ್ನ ತಕರಾರು ಲೇಬಲ್ ಬಗ್ಗೆ. ಮಾರೋಕೆ ಅನುಕೂಲ ಆದಾಗ ನ್ಯಾನೋ ಅಂತ ದೊಡ್ಡಕ್ಷರದಲ್ಲಿ ಹಾಕ್ತಾರೆ, ಗಾತ್ರ ಎಷ್ಟು, ಯಾವ ಎಣ್ಣೆ, ಮಾಮೂಲಿಗಿಂತ ಎಷ್ಟು ಪಟ್ಟು ಹೀರುತ್ತೆ ಅನ್ನೋದು ಎಲ್ಲೂ ಇರಲ್ಲ. ಹೀರಿಕೆ ಬದಲಾದಮೇಲೆ ಬರೀ "ಕರ್ಕ್ಯುಮಿನ್ 30 ಮಿಲಿಗ್ರಾಂ" ಅಂತ ಬರೆದ್ರೆ ಕೊಳ್ಳೋರಿಗೆ ಏನೂ ಹೇಳಿದ ಹಾಗಾಗಲ್ಲ.

ಸುಮಾ_ತೀರ್ಥಹಳ್ಳಿ
ನಾಲ್ಕು ದಿನ ಆದ್ಮೇಲೆ ಬರೀತಿದೀನಿ, ಎಲ್ರೂ ಕ್ಷಮಿಸಿ. ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ, ಬಾಟ್ಲಿನೂ ತಗೊಂಡು ಹೋಗಿದ್ದೆ. ಈ ಮಾತ್ರೆ ನಡೀತಿರೋವಾಗ ಬೇಡವೇ ಬೇಡ ಅಂದ್ರು. ಅಮ್ಮ ನನಗೆ ಹೇಳದೇ ಐದು ದಿನ ತಗೊಂಡಿದ್ರಂತೆ, ಅದನ್ನ ಅಲ್ಲೇ ಒಪ್ಕೊಂಡ್ರು, ಲಿವರ್ ಟೆಸ್ಟ್ ಮಾಡ್ಸಿದ್ವಿ, ರಿಪೋರ್ಟ್ ನಾರ್ಮಲ್ ಇದೆ. ನನಗೆ ಕೈಕಾಲು ನಡುಗಿಬಿಟ್ಟಿತ್ತು. ಸಂಬಂಧಿಗೆ ಫೋನ್ ಮಾಡಿ ಕಣದ ಗಾತ್ರ ಎಷ್ಟು, ಯಾವ ಎಣ್ಣೆ, ಮನುಷ್ಯರ ಮೇಲೆ ಟೆಸ್ಟ್ ಆಗಿದ್ಯಾ ಅಂತ ಮೂರು ಪ್ರಶ್ನೆ ಕೇಳಿದೆ. ಅವ್ರಿಗೂ ಗೊತ್ತಿಲ್ಲ, ಪಾಪ, ಅವ್ರಿಗೆ ಯಾರೋ ಹೇಳಿದ್ದನ್ನೇ ನಮಗೆ ಹೇಳಿದಾರೆ, ಅವ್ರೂ ಮನೇಲಿ ದಿನಾ ಎರಡು ಸಲ ತಗೋತಿದಾರೆ. ಈ ಚರ್ಚೆ ಲಿಂಕ್ ಅವ್ರಿಗೂ ಕಳಿಸಿದೀನಿ.

ಟೀಚರ್, ನಿಮ್ಮ ಮಾತು ಓದಿದ್ಮೇಲೆ ಅದೇ ತಲೇಲಿ ಓಡ್ತಿದೆ. ನನ್ನದು ಡಿಟಿಪಿ ಕೆಲಸ. ಆ ಅಕ್ಕಿ ಕಾಳು ಹೇಗೆ ಮಾಡ್ತಾರೆ, ಯಾಕೆ ಚೆಲ್ಲಬಾರದು, ನಿಂಬೆಹಣ್ಣು, ಚಾ, ಇಷ್ಟನ್ನ ಚಿತ್ರ ಹಾಕಿ ಒಂದು ಪೋಸ್ಟರ್ ಮಾಡಿ ಕೊಡ್ತೀನಿ. ಆಹಾರತಂತ್ರಿ ಸರ್ ಬರೆದದ್ದು ತಪ್ಪಿಲ್ಲದ ಹಾಗೆ ನೋಡಿಕೊಡಲಿ. ನಿಮ್ಮ ಕಡೆ ಮಾತಲ್ಲೇ ಇರಬೇಕಲ್ವಾ?

ಅಂಗನವಾಡಿ_ಟೀಚರ್_ಸಿಂಧನೂರು
ನಮ್ ಕಡೆ ಮಾತಿನಾಗೇ ಇರ್ಲಿ ಅಕ್ಕಾ, ನೀವು ಬರ್ದು ಕಳಸ್ರಿ, ನಾ ತಿದ್ದಿ ಕೊಡ್ತೀನಿ. ಅಕ್ಷರ ದೊಡ್ಡು ಇರ್ಲಿ, ಓದಾಕ ಬರಲಾರದವ್ರು ಭಾಳ ಮಂದಿ ಅದಾರ, ಚಿತ್ರ ಜಾಸ್ತಿ ಹಾಕ್ರಿ. ಮುಂದಿನ ತಾಯಂದಿರ ಸಭೆ ಬರೋ ಶುಕ್ರವಾರ ಐತಿ.